ಹಾಡು ಬಿಟ್ಟು ಥಿಯೇಟರ್ ಹಿಡಿದ ಪೊಲ್ಲಿನಿ

ಪ್ರಶ್ನೆ: ಸಂಗೀತಗಾರ ಗುಸ್ಟಾವ್ ಮಾಲರ್‌ನ ಜೀವನದ ಬಗ್ಗೆ ಓದುತ್ತಿದ್ದೆ. ಹ್ಯಾಂಬರ್ಗ್‌ನಲ್ಲಿ ಅವನ ಧಣಿಯಾಗಿದ್ದ ಪೊಲ್ಲಿನಿಯ ಹೆಸರು ಪದೇ ಪದೇ ಬರುತ್ತದೆ. ಬಂದಾಗಲೆಲ್ಲ ಕೆಟ್ಟವನಾಗಿಯೇ ಬರುತ್ತಾನೆ. ಅವನು ಮೊದಲು ಒಪೆರಾ ಟೆನರ್ ಆಗಿದ್ದ ಅಂತ ಎಲ್ಲೋ ಒಂದು ಸಾಲು ನೋಡಿದೆ. ಹಾಡುಗಾರ ಥಿಯೇಟರ್ ಡೈರೆಕ್ಟರ್ ಆದದ್ದು ಹೇಗೆ? ಜರ್ಮನ್ ಆಗಿದ್ದೂ ಇಟಲಿಯ ಹೆಸರು ಯಾಕೆ? ನಿಜಕ್ಕೂ ಅಷ್ಟು ಕೆಟ್ಟವನಾ? ಅವನ ಹಾಡು ಎಲ್ಲಾದರೂ ಕೇಳಲು ಸಿಗುತ್ತಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಮಾಲರ್ ಬಗ್ಗೆ ಕೇಳುವವರು ಬಹಳ ಜನ. ಪೊಲ್ಲಿನಿ ಬಗ್ಗೆ ಯಾರೂ ಕೇಳುವುದಿಲ್ಲ. ದೊಡ್ಡವರ ಕಥೆಗಳಲ್ಲಿ ಅವನು ಲೆಕ್ಕದ ಪುಸ್ತಕ ಹಿಡಿದು ಬಾಗಿಲ ಹತ್ತಿರ ನಿಂತ ಮನುಷ್ಯನ ಹಾಗೆ ಬಂದು ಹೋಗುತ್ತಾನೆ. ಆದರೆ ಆ ಮನುಷ್ಯನಿಗೆ ಹಾಡುಗಾರನ ಕಿವಿ ಇತ್ತು. ಅವನು ಮಾಡಿದ ಒಳ್ಳೆಯದೂ ಕೆಟ್ಟದ್ದೂ ಆ ಕಿವಿಯಿಂದಲೇ ಹುಟ್ಟಿತು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲು ಹೆಸರಿನ ವಿಷಯ. ಅವನು ಹುಟ್ಟಿದ್ದು 1838ರ ಡಿಸೆಂಬರ್ 16ರಂದು, ರೈನ್ ನದಿಯ ದಂಡೆಯ ಕಲೋನ್ ಊರಿನಲ್ಲಿ. ಯಹೂದಿ ಮನೆತನ. ಇಟ್ಟ ಹೆಸರು ಬಾರುಖ್ ಪೋಲ್. ಆಗ ಯುರೋಪಿನಲ್ಲಿ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಅಂದಕೂಡಲೇ ಮೊದಲು ನೆನಪಾಗುತ್ತಿದ್ದದ್ದು ಇಟಲಿ. ಲಂಡನ್, ಪ್ಯಾರಿಸ್, ಪೀಟರ್ಸ್‌ಬರ್ಗ್, ಎಲ್ಲಿ ಹೋದರೂ ದುಬಾರಿ ಟಿಕೆಟ್ ಇಟಾಲಿಯನ್ ಒಪೆರಾಗೆ. ಹಾಗಾಗಿ ಬೇರೆ ದೇಶದ ಹಾಡುಗಾರರು ಇಟಲಿಯ ಹೆಸರು ಇಟ್ಟುಕೊಳ್ಳುವುದು ಮಾಮೂಲಿ ಸಂಗತಿಯಾಗಿತ್ತು. ಬಾರುಖ್ ಪೋಲ್ ಕೂಡ ಹಾಗೆಯೇ ಬೆರ್ನ್‌ಹಾರ್ಡ್ ಪೊಲ್ಲಿನಿ ಆದ. ಮೊದಲ ಹೆಸರು ಜರ್ಮನ್, ಎರಡನೆಯದು ಇಟಾಲಿಯನ್. 'ಪೋಲ್'ಗೆ ಎರಡು ಅಕ್ಷರ ಸೇರಿಸಿ ಇಟಲಿಯ ಮನೆ ಕಟ್ಟಿಕೊಂಡ.

ರಂಗಕ್ಕೆ ಬಂದದ್ದು 1857ರಲ್ಲಿ, ತನ್ನ ಊರಾದ ಕಲೋನ್‌ನಲ್ಲೇ. ಆಗ ಅವನಿಗೆ 18 ವರ್ಷ. ಹಾಡಿದ್ದು ಇಟಲಿಯ ಸಂಗೀತಗಾರ ಬೆಲ್ಲಿನಿಯ 'ಇ ಪುರಿತಾನಿ' ಒಪೆರಾದ ಆರ್ತೂರೊ ಪಾತ್ರ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ಪಾತ್ರ ಎಷ್ಟು ಕಷ್ಟದ್ದು ಅಂತ ಗೊತ್ತಾದರೆ ಮುಂದಿನದು ಅರ್ಥವಾಗುತ್ತದೆ.

ಟೆನರ್ ಅಂದರೆ ಗಂಡು ದನಿಗಳಲ್ಲಿ ಮೇಲಿನ ಸ್ಥಾಯಿಯ ದನಿ. ಅದರ ಕೆಳಗೆ ಬ್ಯಾರಿಟೋನ್, ಇನ್ನೂ ಕೆಳಗೆ ಬಾಸ್. ಟೆನರ್‌ಗಳಿಗೆ ಮೇಲಿನ 'ಸಿ' ಸ್ವರವೇ ದೊಡ್ಡ ಪರೀಕ್ಷೆ. ಆ ಸ್ವರ ಒಡೆಯದೆ ಬಂದರೆ ಚಪ್ಪಾಳೆ, ಒಡೆದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಲ್ಲಿನಿ ಆರ್ತೂರೊ ಪಾತ್ರ ಬರೆದದ್ದು ರುಬಿನಿ ಎಂಬ ಹಾಡುಗಾರನಿಗಾಗಿ, 1835ರ ಪ್ಯಾರಿಸ್ ಪ್ರದರ್ಶನಕ್ಕೆ. ಅದರಲ್ಲಿ 'ಸಿ'ಗಿಂತ ಮೇಲೆ ಹೋಗಬೇಕು. ಕೊನೆಯ ಅಂಕದಲ್ಲಂತೂ 'ಎಫ್' ಸ್ವರದವರೆಗೆ ಹತ್ತಬೇಕು. ರುಬಿನಿಯ ಕಾಲದಲ್ಲಿ ಆ ಎತ್ತರದ ಸ್ವರಗಳನ್ನು ಪೂರ್ತಿ ಎದೆಯ ದನಿಯಲ್ಲಿ ಹಾಡುತ್ತಿರಲಿಲ್ಲ. ತಲೆಯ ದನಿಯನ್ನು ಹದವಾಗಿ ಬೆರೆಸಿ ಹಾಡುತ್ತಿದ್ದರು. ಇವತ್ತಿಗೂ ಈ ಪಾತ್ರ ಅಂದರೆ ಅನೇಕ ಟೆನರ್‌ಗಳು ಕೈಮುಗಿದು ದೂರ ನಿಲ್ಲುತ್ತಾರೆ. 18 ವರ್ಷದ ಹುಡುಗ ಮೊದಲ ದಿನವೇ ಅದನ್ನು ಹಿಡಿದ ಅಂದರೆ ಅವನಿಗೆ ಮೇಲಿನ ಸ್ವರಗಳು ಸುಲಭವಾಗಿ ಸಿಗುತ್ತಿದ್ದವು ಅನ್ನಬೇಕು. ಧೈರ್ಯವೂ ಜಾಸ್ತಿಯೇ ಇತ್ತು.

ಆದರೆ ಆ ವಯಸ್ಸಿನಲ್ಲಿ ಗಂಡಸಿನ ಗಂಟಲು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬಲಿತ ಮೇಲೆ ದನಿ ದಪ್ಪವಾಗಬಹುದು, ಕೆಳಕ್ಕೆ ಇಳಿಯಬಹುದು. ಪೊಲ್ಲಿನಿ ಆಮೇಲೆ ಬ್ಯಾರಿಟೋನ್ ಆಗಿ ಹಾಡಿದ. ಒಂದು ಇಟಾಲಿಯನ್ ಒಪೆರಾ ತಂಡ ಸೇರಿಕೊಂಡು ಊರೂರು ಸುತ್ತಿದ. ಟೆನರ್‌ನಿಂದ ಬ್ಯಾರಿಟೋನ್‌ಗೆ ಇಳಿಯುವುದು ಅಪಮಾನವೇನಲ್ಲ, ಎಷ್ಟೋ ಜನ ಇಳಿದಿದ್ದಾರೆ. ಆದರೆ ಸಂಬಳದ ಚೀಟಿಯಲ್ಲಿ ವ್ಯತ್ಯಾಸ ಕಾಣುತ್ತಿತ್ತು. ಟೆನರ್‌ಗೆ ಸಿಗುವ ಹಣ, ಹೂವು, ಹಟ ಮಾಡುವ ಹಕ್ಕು ಬ್ಯಾರಿಟೋನ್‌ಗೆ ಸಿಗುತ್ತಿರಲಿಲ್ಲ. ಪೊಲ್ಲಿನಿ ಎರಡೂ ಕಡೆ ನಿಂತು ನೋಡಿದ. ಒಂದು ಗಂಟಲಿಗೆ ಪೇಟೆಯಲ್ಲಿ ಎಷ್ಟು ಬೆಲೆ, ಆ ಬೆಲೆ ಎಷ್ಟು ವರ್ಷ ನಿಲ್ಲುತ್ತದೆ ಅನ್ನುವುದು ಅವನಿಗೆ ತನ್ನ ಮೈಯಿಂದಲೇ ಗೊತ್ತಾಯಿತು.

ಆ ತಂಡದಲ್ಲೇ ಅವನು ಮ್ಯಾನೇಜರ್ ಆದ, ಆಮೇಲೆ ಡೈರೆಕ್ಟರ್ ಆದ. ಮುಂದೆ ರಷ್ಯದ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋದಲ್ಲಿ ಇಟಾಲಿಯನ್ ಒಪೆರಾ ನಡೆಸುವ ಜವಾಬ್ದಾರಿ ವಹಿಸಿಕೊಂಡ. ರಷ್ಯ ಆಗ ಹಾಡುಗಾರರಿಗೆ ಚಿನ್ನದ ಗಣಿ. ಅಲ್ಲಿ ಕೊಡುತ್ತಿದ್ದಷ್ಟು ಹಣ ಜರ್ಮನಿಯ ಯಾವ ಊರಿನಲ್ಲೂ ಕೊಡುತ್ತಿರಲಿಲ್ಲ. ದೊಡ್ಡ ತಾರೆಯರ ಜೊತೆ ಕೂತು ಕರಾರು ಮಾಡುವುದು, ಅವರ ಸಿಟ್ಟು ಸಹಿಸುವುದು, ರೈಲು, ಹೋಟೆಲ್, ಕಾಯಿಲೆ, ಕೊನೆ ಗಳಿಗೆಯಲ್ಲಿ ಬದಲಿ ಹಾಡುಗಾರನನ್ನು ಹುಡುಕುವುದು, ಎಲ್ಲ ಕಲಿತದ್ದು ಅಲ್ಲಿಯೇ.

'ಥಿಯೇಟರ್ ಡೈರೆಕ್ಟರ್' ಅನ್ನುವ ಮಾತನ್ನೂ ಇಲ್ಲೇ ಬಿಡಿಸಿ ಹೇಳಿಬಿಡುತ್ತೇನೆ. ನಾವು ನಿರ್ದೇಶಕ ಅಂದರೆ ನಟರಿಗೆ ಅಭಿನಯ ಹೇಳಿಕೊಡುವವರು ಅಂತ ತಿಳಿಯುತ್ತೇವೆ. ಜರ್ಮನ್ನರು ಅದಕ್ಕೆ 'ರೆಜಿಸ್ಸೋರ್' ಅನ್ನುತ್ತಾರೆ. 'ಡಿರೆಕ್ಟೋರ್' ಅಂದರೆ ಬೇರೆ. ನಮ್ಮ ಕಂಪನಿ ನಾಟಕದ ಮಾಲೀಕರನ್ನು ನೆನಪಿಸಿಕೊಳ್ಳಿ, ಅದಕ್ಕೆ ಹತ್ತಿರ. ಕಟ್ಟಡ ಗುತ್ತಿಗೆಗೆ ಹಿಡಿಯುವವನು, ಸಂಬಳ ಕೊಡುವವನು, ಯಾವ ಆಟ ಆಡಬೇಕು ಅಂತ ತೀರ್ಮಾನಿಸುವವನು, ಲಾಭ ಬಂದರೂ ನಷ್ಟ ಬಂದರೂ ತಾನೇ ಹೊರುವವನು. ಪೊಲ್ಲಿನಿ ಈ ಅರ್ಥದ ಡೈರೆಕ್ಟರ್.

1874ರಲ್ಲಿ ಅವನು ಹ್ಯಾಂಬರ್ಗ್‌ನ ಸ್ಟಾಟ್‌ಥಿಯೇಟರ್, ಅಂದರೆ ನಗರ ರಂಗಮಂದಿರವನ್ನು ವಹಿಸಿಕೊಂಡ. ಅಲ್ಲಿಂದ ಸಾಯುವವರೆಗೆ 23 ವರ್ಷ ಆ ಊರನ್ನು ಬಿಡಲಿಲ್ಲ.

ಹ್ಯಾಂಬರ್ಗ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಡ್ರೆಸ್ಡೆನ್, ಮ್ಯೂನಿಕ್, ಬರ್ಲಿನ್‌ನಲ್ಲಿ ರಾಜರಿದ್ದರು. ಒಪೆರಾ ಅರಮನೆಯ ಖರ್ಚಿನಲ್ಲಿ ನಡೆಯುತ್ತಿತ್ತು. ಹ್ಯಾಂಬರ್ಗ್‌ನಲ್ಲಿ ರಾಜನೇ ಇರಲಿಲ್ಲ. ಅದು ಬಂದರು, ವ್ಯಾಪಾರಿಗಳ ಊರು. ಆದರೂ ಜರ್ಮನಿಯಲ್ಲಿ ಸಾರ್ವಜನಿಕರಿಗೆ ಅಂತ ಮೊದಲ ಒಪೆರಾ ಮನೆ ತೆರೆದದ್ದು ಅಲ್ಲಿಯೇ, 1678ರಲ್ಲಿ. ಮುಂದೆ ದೊಡ್ಡ ಸಂಗೀತಗಾರನಾದ ಹ್ಯಾಂಡೆಲ್ ಹರೆಯದಲ್ಲಿ ಅಲ್ಲಿನ ವಾದ್ಯಗೋಷ್ಠಿಯಲ್ಲಿ ವಯೊಲಿನ್ ನುಡಿಸಿದ್ದ. ಪೊಲ್ಲಿನಿ ಬಂದಾಗ ಇದ್ದದ್ದು ಡಾಮ್‌ಟೋರ್ ಬೀದಿಯ 1827ರ ಕಟ್ಟಡ. 1874ರಲ್ಲಿ ವಾಸ್ತುಶಿಲ್ಪಿ ಮಾರ್ಟಿನ್ ಹಾಲರ್‌ನ ನಕ್ಷೆಯಂತೆ ಅದನ್ನು ಹೊಸದು ಮಾಡಿದರು. ಖರ್ಚಿಗೆ ಅರಮನೆಯ ಖಜಾನೆ ಇಲ್ಲದ ಮೇಲೆ ದಿನಾ ರಾತ್ರಿ ಕುರ್ಚಿಗಳು ತುಂಬಲೇಬೇಕು. ತುಂಬದಿದ್ದರೆ ತಿಂಗಳ ಕೊನೆಗೆ ಪೊಲ್ಲಿನಿಯ ಜೇಬಿನಿಂದ ಹೋಗುತ್ತದೆ. ಅವನ ಮುಂದಿನ ನಡೆಗಳನ್ನೆಲ್ಲ ನೋಡುವಾಗ ಇದನ್ನು ಮರೆಯಬೇಡಿ.

1876ರಲ್ಲಿ ಪಕ್ಕದ ಆಲ್ಟೋನಾ ಊರಿನ ರಂಗಮಂದಿರವನ್ನೂ ತೆಗೆದುಕೊಂಡ. 1894ರಲ್ಲಿ ಹ್ಯಾಂಬರ್ಗ್‌ನ ಹಳೆಯ, ಹೆಸರುವಾಸಿ ನಾಟಕಮಂದಿರವಾದ ಥಾಲಿಯಾ ಕೂಡ ಅವನ ಕೈಗೆ ಬಂತು. ಊರಿನ ಜನ ಅವನಿಗೆ 'ಮೊನೊಪೊಲ್ಲಿನಿ' ಅಂತ ಅಡ್ಡಹೆಸರಿಟ್ಟರು. ಮೊನೊಪಲಿ ಮತ್ತು ಪೊಲ್ಲಿನಿ ಸೇರಿಸಿದ ಹೆಸರು. ಹ್ಯಾಂಬರ್ಗ್‌ನಲ್ಲಿ ಹಾಡಬೇಕಾದರೂ ನಟಿಸಬೇಕಾದರೂ ಕೊನೆಗೆ ಒಂದೇ ಬಾಗಿಲು ತಟ್ಟಬೇಕು ಅನ್ನುವ ಸ್ಥಿತಿ ಬಂದಿತ್ತು.

ಇಷ್ಟೇ ಆಗಿದ್ದರೆ ಅವನೊಬ್ಬ ಜಾಣ ವ್ಯಾಪಾರಿ, ಅಷ್ಟೇ. ನನಗೆ ಅವನು ಇಷ್ಟವಾಗುವುದು ದನಿಗಳನ್ನು ಹುಡುಕಿದ ರೀತಿಗೆ.

ಹೈನ್ರಿಖ್ ಬ್ಯೋಟೆಲ್‌ನ ಕಥೆ ಕೇಳಿ. ಹ್ಯಾಂಬರ್ಗ್‌ನ ಬೀದಿಗಳಲ್ಲಿ ಬಾಡಿಗೆ ಕುದುರೆಗಾಡಿ ಓಡಿಸುತ್ತಿದ್ದವನು. ದನಿ ಚೆನ್ನಾಗಿತ್ತು. ಪೊಲ್ಲಿನಿಯ ಕಿವಿಗೆ ಬಿತ್ತು. ಅವನಿಗೆ ಪಾಠ ಹೇಳಿಸಿ 1880ರ ದಶಕದ ಮೊದಲ ವರ್ಷಗಳಲ್ಲಿ ರಂಗಕ್ಕೆ ತಂದ. ಬ್ಯೋಟೆಲ್ ಮಿಂಚಿದ್ದು ಆದಾಮ್ ಎಂಬ ಫ್ರೆಂಚ್ ಸಂಗೀತಗಾರನ 'ಲೊಂಜುಮೋದ ಅಂಚೆಗಾಡಿಯವನು' ಒಪೆರಾದಲ್ಲಿ. ಅದರ ನಾಯಕನೂ ಗಾಡಿ ಓಡಿಸುವವನೇ, ದನಿ ಚೆನ್ನಾಗಿರುವುದರಿಂದ ಒಪೆರಾ ಹಾಡುಗಾರನಾಗುತ್ತಾನೆ! ಆ ಹಾಡಿನಲ್ಲಿ 'ಸಿ'ಗಿಂತಲೂ ಮೇಲಿನ 'ಡಿ' ಸ್ವರ ಬರುತ್ತದೆ. ತಮ್ಮ ಊರಿನ ಗಾಡಿಯವನು ವೇದಿಕೆ ಮೇಲೆ ಗಾಡಿಯವನಾಗಿ ನಿಂತು ಆ ಸ್ವರ ಎತ್ತಿದರೆ ಬಂದರಿನ ಜನ ಬಿಡುತ್ತಾರಾ? ಥಿಯೇಟರ್ ತುಂಬಿತು. ಇದು ಪ್ರಚಾರದ ತಂತ್ರ ಅಂತ ಆಗಲೂ ಟೀಕಿಸುವವರಿದ್ದರು. ಇರಬಹುದು. ಆದರೆ ಆ ಎತ್ತರದ ಸ್ವರ ತಂತ್ರದಿಂದ ಬರುವುದಿಲ್ಲ. ಅದು ಬರುತ್ತದೆ ಅಂತ ಗಾಡಿಯವನ ದನಿ ಕೇಳಿಯೇ ಗುರುತಿಸಬೇಕಾದರೆ ತಾನು ಆರ್ತೂರೊ ಹಾಡಿರಬೇಕು.

ಇನ್ನೊಂದು ಕಥೆ ಎರ್ನೆಸ್ಟೀನ್ ಶುಮನ್-ಹೈಂಕ್‌ಳದು. ಮುಂದೆ ಅಮೆರಿಕದ ಮನೆಮನೆಯಲ್ಲಿ ಹೆಸರಾದ ಕಾಂಟ್ರಾಲ್ಟೊ, ಅಂದರೆ ಹೆಣ್ಣು ದನಿಗಳಲ್ಲಿ ಕೆಳಗಿನ ಸ್ಥಾಯಿಯ ದನಿ. ಡ್ರೆಸ್ಡೆನ್‌ನ ರಾಜ ಒಪೆರಾದಲ್ಲಿ ಇದ್ದಾಗ 1882ರಲ್ಲಿ ಆಕೆ ಎರ್ನ್ಸ್ಟ್ ಹೈಂಕ್‌ನನ್ನು ಮದುವೆಯಾದಳು. ಕರಾರಿನ ಪ್ರಕಾರ ಅನುಮತಿ ಬೇಕಿತ್ತು, ಕೇಳಿರಲಿಲ್ಲ. ಇಬ್ಬರಿಗೂ ಕೆಲಸ ಹೋಯಿತು. ಹ್ಯಾಂಬರ್ಗ್‌ಗೆ ಬಂದರು. ಗಂಡನಿಗೆ ಸುಂಕದ ಕಚೇರಿಯಲ್ಲಿ ಕೆಲಸ, ಇವಳಿಗೆ ಪೊಲ್ಲಿನಿಯ ಥಿಯೇಟರಿನಲ್ಲಿ ಸಣ್ಣಪುಟ್ಟ ಪಾತ್ರ. ವರ್ಷಗಟ್ಟಲೆ ಹಾಗೇ ಕಳೆಯಿತು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಪೊಲ್ಲಿನಿ ಅವಳ ಕಡೆ ತಿರುಗಿಯೂ ನೋಡಿರಲಿಲ್ಲ ಅನ್ನಬೇಕು.

ಒಂದು ದಿನ ಮುಖ್ಯ ಕಾಂಟ್ರಾಲ್ಟೊ ಮರೀ ಗ್ಯೋಟ್ಸೆಗೂ ಪೊಲ್ಲಿನಿಗೂ ಜಗಳವಾಯಿತು. ಆಕೆ ಹಾಡುವುದಿಲ್ಲ ಅಂದಳು. ಪೊಲ್ಲಿನಿ ಹೈಂಕ್‌ಳನ್ನು ಕರೆಸಿ 'ಕಾರ್ಮೆನ್' ಒಪೆರಾ ಹಾಡುತ್ತೀಯಾ ಅಂತ ಕೇಳಿದ. ರಿಹರ್ಸಲ್ ಇಲ್ಲ, ಒಂದೇ ಒಂದು ಸಲವೂ ಇಲ್ಲ. ಹಾಡಿದಳು, ಜನ ಎದ್ದು ನಿಂತು ಮೆಚ್ಚಿದರು. ಗ್ಯೋಟ್ಸೆಗೆ ಇನ್ನೂ ಸಿಟ್ಟು ಬಂತು. ಮುಂದಿನ ಆಟಕ್ಕೂ ಬರಲಿಲ್ಲ. ಅದು ಮಾಯರ್‌ಬೇರ್‌ನ 'ಪ್ರವಾದಿ' ಒಪೆರಾದಲ್ಲಿ ತಾಯಿಯ ಪಾತ್ರ, ಭಾರಿ ಪಾತ್ರ. ಅದನ್ನೂ ರಿಹರ್ಸಲ್ ಇಲ್ಲದೆ ಹಾಡಿದಳು. ಮರುದಿನ ಜರ್ಮನ್ ಸಂಗೀತಗಾರ ವಾಗ್ನರ್‌ನ 'ಲೋಹೆನ್‌ಗ್ರಿನ್'ನಲ್ಲಿ ಓರ್ಟ್ರೂಡ್, ಮತ್ತೆ ರಿಹರ್ಸಲ್ ಇಲ್ಲ. ಮೂರು ಪಾತ್ರ ಮುಗಿಯುವ ಹೊತ್ತಿಗೆ ಪೊಲ್ಲಿನಿ 10 ವರ್ಷದ ಕರಾರು ಮುಂದಿಟ್ಟಿದ್ದ.

ಈ ಘಟನೆಯಲ್ಲಿ ಪೊಲ್ಲಿನಿ ಪೂರ್ತಿ ಕಾಣುತ್ತಾನೆ. ಮನೆಯಲ್ಲೇ ಚಿನ್ನ ಇದ್ದರೂ ಅಗತ್ಯ ಬೀಳುವವರೆಗೆ ಕೆದಕಲಿಲ್ಲ, ಅದು ತಪ್ಪು. ಕೆದಕಿದ ಮೇಲೆ ಒಂದು ಗಳಿಗೆಯೂ ತಡಮಾಡಲಿಲ್ಲ. ಉದ್ದದ ಕರಾರು ಬರೆಸಿಕೊಂಡದ್ದರಲ್ಲಿ ಅಭಿಮಾನವೂ ಇತ್ತು, ಲೆಕ್ಕವೂ ಇತ್ತು. ಹೆಸರು ಬರುವ ಮೊದಲೇ ಕಟ್ಟಿಹಾಕಿದರೆ ಹೆಸರು ಬಂದ ಮೇಲೂ ಹಳೆಯ ಸಂಬಳಕ್ಕೇ ಸಿಗುತ್ತಾರೆ, ಅಲ್ವಾ?

ವಾಗ್ನರ್ ವಿಷಯದಲ್ಲಿ ಅವನು ಬೇಗ ಎಚ್ಚೆತ್ತ. 'ರಿಂಗ್' ಅಂತ ಕರೆಯುವ ನಾಲ್ಕು ಒಪೆರಾಗಳ ಮಾಲೆ 1876ರಲ್ಲಿ ಬೈರಾಯ್ಟ್‌ನಲ್ಲಿ ಮೊದಲ ಸಲ ಪೂರ್ತಿಯಾಗಿ ನಡೆಯಿತು. ಕೆಲವೇ ವರ್ಷಗಳಲ್ಲಿ ಪೊಲ್ಲಿನಿ ಅದನ್ನು ಹ್ಯಾಂಬರ್ಗ್‌ಗೆ ತಂದ. 1882ರಲ್ಲಿ ತನ್ನ ತಂಡವನ್ನು ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿಗೆ ಕರೆದೊಯ್ದ. ಸಂಗೀತ ನಡೆಸಿದವನು ಹಾನ್ಸ್ ರಿಕ್ಟರ್. 'ಟ್ರಿಸ್ಟಾನ್' ಮತ್ತು 'ಮೈಸ್ಟರ್‌ಸಿಂಗರ್' ಲಂಡನ್ನಿನಲ್ಲಿ ಮೊದಲ ಸಲ ಕೇಳಿದ್ದು ಆಗಲೇ. ಅದೇ ಬೇಸಿಗೆಯಲ್ಲಿ ಇನ್ನೊಂದು ಥಿಯೇಟರಿನಲ್ಲಿ ಆಂಜೆಲೊ ನಾಯ್ಮನ್ ಎಂಬುವನು ಪೂರ್ತಿ 'ರಿಂಗ್' ತಂದಿದ್ದ. ನಾಯ್ಮನ್ ಕೂಡ 1838ರಲ್ಲೇ ಹುಟ್ಟಿದವನು, ಅವನೂ ಯಹೂದಿ, ಅವನೂ ಹಾಡು ಬಿಟ್ಟು ಡೈರೆಕ್ಟರ್ ಆದ ಬ್ಯಾರಿಟೋನ್. ಪ್ರಾಗ್‌ನಲ್ಲಿ ಚಿಕ್ಕ ವಯಸ್ಸಿನ ಮಾಲರ್‌ಗೆ ಕೆಲಸ ಕೊಟ್ಟವನೂ ಅವನೇ. ಒಂದೇ ವರ್ಷದಲ್ಲಿ ಹುಟ್ಟಿದ ಇಬ್ಬರು ಹಾಡುಗಾರರು, ಇಬ್ಬರೂ ವಾಗ್ನರ್‌ನ ಒಪೆರಾಗಳನ್ನು ಲಂಡನ್ನಿಗೆ ಕೊಂಡೊಯ್ದರು, ಇಬ್ಬರೂ ಮಾಲರ್‌ನನ್ನು ಗುರುತಿಸಿದರು. ಇದು ನನಗೆ ಯಾವಾಗಲೂ ಬೆರಗು.

ಈಗ ಮಾಲರ್‌ಗೆ ಬರೋಣ.

ಪೊಲ್ಲಿನಿಗೆ ಒಳ್ಳೆಯ ಕಂಡಕ್ಟರ್, ಅಂದರೆ ಕೋಲು ಹಿಡಿದು ವಾದ್ಯದವರನ್ನೂ ಹಾಡುಗಾರರನ್ನೂ ನಡೆಸುವವನು, ಬೇಕು ಅನ್ನುವುದು ಗೊತ್ತಿತ್ತು. 1887ರಿಂದ ಕೆಲವು ಕಾಲ ಆಗಿನ ಕಾಲದ ಮಹಾ ಕಂಡಕ್ಟರ್ ಹಾನ್ಸ್ ಫಾನ್ ಬ್ಯೂಲೊ ಅವನ ಥಿಯೇಟರಿನಲ್ಲಿ ಒಪೆರಾ ನಡೆಸಿದ್ದ. ಮಾಲರ್ ಆಗ ಬುಡಾಪೆಸ್ಟ್‌ನ ರಾಜ ಒಪೆರಾದ ಮುಖ್ಯಸ್ಥ. ಅಲ್ಲಿ ಮೇಲಧಿಕಾರಿ ಬದಲಾಗುವ ಸೂಚನೆ ಬಂದಾಗ ಅವನು ಪೊಲ್ಲಿನಿಯ ಜೊತೆ ಗುಟ್ಟಾಗಿ ಮಾತಾಡಿಕೊಂಡ. ಆಮೇಲೆ ಬುಡಾಪೆಸ್ಟ್‌ನವರಿಂದ ಕರಾರು ಮುರಿದದ್ದಕ್ಕೆ 25,000 ಗುಲ್ಡನ್ ಪರಿಹಾರ ತೆಗೆದುಕೊಂಡೇ ಹೊರಟ. ವ್ಯವಹಾರದಲ್ಲಿ ಮಾಲರ್ ಕೂಡ ಮಗುವಾಗಿರಲಿಲ್ಲ ಅನ್ನುವುದನ್ನು ಪೊಲ್ಲಿನಿಯನ್ನು ಬೈಯುವವರು ಮರೆಯುತ್ತಾರೆ. 1891ರ ಮಾರ್ಚ್ 29ರಂದು ಹ್ಯಾಂಬರ್ಗ್‌ನಲ್ಲಿ ವಾಗ್ನರ್‌ನ 'ಟಾನ್‌ಹೊಯ್ಸರ್' ಒಪೆರಾ ನಡೆಸಿ ಕೆಲಸ ಶುರು ಮಾಡಿದ. ಅವನಿಗೆ ಆಗ 30 ವರ್ಷ.

ಮುಂದಿನ ಆರು ವರ್ಷಗಳಲ್ಲಿ ಮಾಲರ್ ಅಲ್ಲಿ 700ಕ್ಕೂ ಹೆಚ್ಚು ರಾತ್ರಿ ಒಪೆರಾ ನಡೆಸಿದ. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ 100ಕ್ಕೂ ಜಾಸ್ತಿ. ಇದರ ನಡುವೆ, ಬೇಸಿಗೆಯ ರಜೆಗಳಲ್ಲಿ, ತನ್ನ ಎರಡನೆಯ ಮತ್ತು ಮೂರನೆಯ ಸಿಂಫನಿ, ಅಂದರೆ ದೊಡ್ಡ ವಾದ್ಯಗೋಷ್ಠಿಗಾಗಿ ರಚಿಸುವ ದೀರ್ಘ ಕೃತಿ, ಬರೆದು ಮುಗಿಸಿದ. ಅವನಿಗೆ ಬೇಕಿದ್ದದ್ದು ರಿಹರ್ಸಲ್. ಒಂದು ಒಪೆರಾವನ್ನು ವಾರಗಟ್ಟಲೆ ತಿದ್ದಿ, ಹಾಡು, ವಾದ್ಯ, ಅಭಿನಯ, ಬೆಳಕು ಎಲ್ಲ ಒಂದೇ ಉಸಿರಿನಲ್ಲಿ ಬರುವಂತೆ ಮಾಡಬೇಕು ಅನ್ನುವುದು ಅವನ ಆಸೆ. ಪೊಲ್ಲಿನಿಗೆ ರಿಹರ್ಸಲ್ ಅಂದರೆ ಟಿಕೆಟ್ ಮಾರದ ದಿನ. ವೇದಿಕೆಯ ಸಜ್ಜಿಕೆ, ಹಾಡುಗಾರರು ಎಲ್ಲಿ ನಿಲ್ಲಬೇಕು, ಹೇಗೆ ನಡೆಯಬೇಕು ಅನ್ನುವುದರ ಬಗ್ಗೆ ಅವನಿಗೆ ಅಷ್ಟಾಗಿ ತಲೆಬಿಸಿ ಇರಲಿಲ್ಲ. ಜನ ಬರುವುದು ಗಂಟಲು ಕೇಳಲು, ಗಂಟಲು ಚೆನ್ನಾಗಿದ್ದರೆ ಸಾಕು ಅಂತ ಅವನು ನಂಬಿದ್ದ. ಅವನು ಬೆಳೆದ ಇಟಾಲಿಯನ್ ತಂಡಗಳಲ್ಲಿ ಅದೇ ಸತ್ಯವಾಗಿತ್ತು. ಹಾಡುಗಾರ ಬರುತ್ತಾನೆ, ಮುಂದೆ ನಿಲ್ಲುತ್ತಾನೆ, ಹಾಡುತ್ತಾನೆ, ಮನೆಗೆ ಹೋಗುತ್ತಾನೆ.

ಇಬ್ಬರ ಜಗಳ ಅಂದರೆ ನನ್ನ ಕಣ್ಣಿಗೆ ಕಾಣುವುದು ಇದು. ಒಬ್ಬನಿಗೆ ಒಪೆರಾ ಅಂದರೆ ದನಿ. ಇನ್ನೊಬ್ಬನಿಗೆ ಒಪೆರಾ ಅಂದರೆ ರಂಗ, ವಾದ್ಯ, ದನಿ ಎಲ್ಲ ಸೇರಿದ ಒಂದು ಜೀವ. ಈಗ ನಾವು ಮಾಲರ್‌ನ ಕಡೆ ಇದ್ದೇವೆ, ಇರಬೇಕಾದದ್ದೂ ಅವನ ಕಡೆಯೇ. ಆದರೆ ಆ ದನಿಗಳನ್ನು ಆರಿಸಿ ತಂದದ್ದು ಪೊಲ್ಲಿನಿ.

ಒಂದು ರಾತ್ರಿಯಂತೂ ಇಬ್ಬರ ಗುಣವೂ ಕೂಡಿ ಬಂತು. 1892ರ ಜನವರಿ 19. ರಷ್ಯದ ಸಂಗೀತಗಾರ ಚೈಕಾವ್‌ಸ್ಕಿಯ 'ಯೆವ್‌ಗೆನಿ ಒನೆಗಿನ್' ಒಪೆರಾ ಹ್ಯಾಂಬರ್ಗ್‌ನಲ್ಲಿ ಜರ್ಮನ್ ಭಾಷೆಯಲ್ಲಿ. ರಷ್ಯದಲ್ಲಿ ಕೆಲಸ ಮಾಡಿದ್ದ ಪೊಲ್ಲಿನಿಗೆ ಆ ದೇಶದ ಸಂಗೀತ ಪರಕೀಯವಾಗಿರಲಿಲ್ಲ. ಚೈಕಾವ್‌ಸ್ಕಿಯೇ ಬಂದು ನಡೆಸಿಕೊಡಬೇಕು ಅಂತ ಏರ್ಪಾಟಾಗಿತ್ತು. ಬಂದ, ಒಂದು ರಿಹರ್ಸಲ್ ಮಾಡಿದ. ಜರ್ಮನ್ ಮಾತುಗಳಿಗೆ ಹೊಂದಿಸಲು ಕೆಲವು ಕಡೆ ಸಂಗೀತ ಬದಲಾಗಿತ್ತು, ಅವನಿಗೆ ಗೊಂದಲವಾಯಿತು. ಕಂಡಕ್ಟರ್ ಕೋಲನ್ನು ಮಾಲರ್‌ಗೆ ಬಿಟ್ಟುಕೊಟ್ಟ. ಆಮೇಲೆ ತನ್ನ ಅಕ್ಕರೆಯ ಸೋದರಳಿಯನಿಗೆ ಕಾಗದ ಬರೆದ. ಇಲ್ಲಿನ ಕಂಡಕ್ಟರ್ ಸಾಮಾನ್ಯದವನಲ್ಲ, ನಿಜವಾದ ಪ್ರತಿಭೆ ಅನ್ನುವುದು ಆ ಕಾಗದದ ಸಾರ. ಮರುವರ್ಷ ಅವನ 'ಯೊಲಾಂಟಾ'ವನ್ನೂ ಪೊಲ್ಲಿನಿ ಹ್ಯಾಂಬರ್ಗ್‌ನಲ್ಲಿ ಆಡಿಸಿದ. 1893ರ ಸೆಪ್ಟೆಂಬರಿನಲ್ಲಿ ಚೈಕಾವ್‌ಸ್ಕಿ ಅದನ್ನು ನೋಡಲು ಬಂದು ಹೋದ. ನವೆಂಬರಿನಲ್ಲಿ ತೀರಿಕೊಂಡ.

1892ರ ಬೇಸಿಗೆ ಇನ್ನೊಂದು ಬಗೆಯದು. ಜೂನ್ ತಿಂಗಳಲ್ಲಿ ಮಾಲರ್ ಮತ್ತು ಹ್ಯಾಂಬರ್ಗ್‌ನ ಹಾಡುಗಾರರು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ 'ರಿಂಗ್' ಹಾಡಿ ಹೆಸರು ಗಳಿಸಿದರು. ತನ್ನ ಹಾಡುಗಾರರನ್ನು ಹೀಗೆ ಹೊರಗೆ ಕಳಿಸುವುದೂ ಪೊಲ್ಲಿನಿಯ ವ್ಯಾಪಾರದ ಒಂದು ಭಾಗ. ಆಗಸ್ಟ್‌ನಲ್ಲಿ ಹ್ಯಾಂಬರ್ಗ್‌ಗೆ ಕಾಲರಾ ಬಂತು. ಕೆಲವೇ ವಾರಗಳಲ್ಲಿ 8,600ರಷ್ಟು ಜನ ಸತ್ತರು. ಎಲ್ಬ್ ನದಿಯ ನೀರನ್ನು ಊರು ಸೋಸದೆ ಕುಡಿಯುತ್ತಿತ್ತು. ಗೋಡೆಗೆ ಗೋಡೆ ತಾಗಿದ್ದ ಆಲ್ಟೋನಾದಲ್ಲಿ ಮರಳಿನ ಮೂಲಕ ನೀರು ಸೋಸುತ್ತಿದ್ದರು, ಅಲ್ಲಿ ಸಾವು ತುಂಬಾ ಕಡಿಮೆ. ಎರಡು ಊರಿನಲ್ಲೂ ಥಿಯೇಟರ್ ಇಟ್ಟುಕೊಂಡಿದ್ದ ಪೊಲ್ಲಿನಿಯ ಬದುಕೇ ಆ ಗೆರೆಯ ಎರಡೂ ಬದಿಗೆ ಹರಡಿತ್ತು. ಮಾಲರ್ ಊರಿಗೆ ಬರಲು ಹೆದರಿದ. ಯಾರಿಗೆ ಹೆದರಿಕೆ ಆಗುವುದಿಲ್ಲ? ಪೊಲ್ಲಿನಿಗೆ ಥಿಯೇಟರ್ ತೆರೆಯುವ ಅವಸರ. ಆ ಮನಸ್ತಾಪ ಉಳಿದುಕೊಂಡಿತು.

1895ರಲ್ಲಿ ಇನ್ನೊಂದು ಪೆಟ್ಟು. ಮುಖ್ಯ ಗಾಯಕಿ ಕಟರೀನಾ ಕ್ಲಾಫ್‌ಸ್ಕಿ ಕರಾರು ಮುರಿದು ಅಮೆರಿಕಕ್ಕೆ ಹೋದಳು. ಹ್ಯಾಂಬರ್ಗ್ ಆಕೆಯನ್ನು ಆರಾಧಿಸುತ್ತಿತ್ತು. ಅವಳ ಜಾಗಕ್ಕೆ ಪೊಲ್ಲಿನಿ ತಂದದ್ದು ವಿಯೆನ್ನಾದ ಆನಾ ಫಾನ್ ಮಿಲ್ಡನ್‌ಬರ್ಗ್ ಎಂಬ ಹುಡುಗಿಯನ್ನು. ವಯಸ್ಸು 22, ಅದುವರೆಗೆ ವೇದಿಕೆ ಹತ್ತಿದವಳಲ್ಲ. ಕೊಟ್ಟ ಪಾತ್ರ ಬ್ರ್ಯೂನ್‌ಹಿಲ್ಡೆ, ವಾಗ್ನರ್ ಬರೆದ ಹೆಣ್ಣು ಪಾತ್ರಗಳಲ್ಲೇ ಭಾರವಾದದ್ದು. ಬೇರೆ ಡೈರೆಕ್ಟರ್ ಆಗಿದ್ದರೆ ಇಷ್ಟು ಧೈರ್ಯ ಮಾಡುತ್ತಿದ್ದನಾ? ತಾನೇ 18ರಲ್ಲಿ ಆರ್ತೂರೊ ಹಾಡಿದ್ದವನಿಗೆ ಅದು ಅಷ್ಟು ಅತಿರೇಕ ಅನ್ನಿಸಿರಲಿಕ್ಕಿಲ್ಲ. ಅವಳನ್ನು ತಿದ್ದಿ ತೀಡಿದ್ದು ಮಾಲರ್. ಇಬ್ಬರ ಪ್ರೀತಿಯ ಕಥೆ ನೀವು ಓದಿರುತ್ತೀರಿ, ಅದನ್ನು ಮತ್ತೆ ಹೇಳುವುದಿಲ್ಲ. ಕ್ಲಾಫ್‌ಸ್ಕಿ ಮರುವರ್ಷ ಹಿಂದಿರುಗಿದಳು, ಆದರೆ 1896ರ ಸೆಪ್ಟೆಂಬರಿನಲ್ಲಿ, ಇನ್ನೂ 41ರ ಹರೆಯದಲ್ಲಿ, ತೀರಿಕೊಂಡಳು.

ಬ್ರೂನೊ ವಾಲ್ಟರ್ ಹೆಸರನ್ನೂ ಸೇರಿಸಬೇಕು. ಮುಂದೆ ಜಗತ್ತಿನ ದೊಡ್ಡ ಕಂಡಕ್ಟರ್ ಆದವನು 1894ರಲ್ಲಿ, 18ನೆಯ ವಯಸ್ಸಿನಲ್ಲಿ, ಹಾಡುಗಾರರಿಗೆ ಪಿಯಾನೊ ಹಿಡಿದು ಪಾಠ ಹೇಳಿಕೊಡುವ ಕೆಲಸಕ್ಕೆ ಬಂದದ್ದು ಇದೇ ಥಿಯೇಟರಿಗೆ. ಬ್ಯೂಲೊ, ಮಾಲರ್, ವಾಲ್ಟರ್, ಶುಮನ್-ಹೈಂಕ್, ಕ್ಲಾಫ್‌ಸ್ಕಿ, ಮಿಲ್ಡನ್‌ಬರ್ಗ್. ರಾಜನಿಲ್ಲದ ಒಂದು ಬಂದರಿನಲ್ಲಿ ಹತ್ತೇ ವರ್ಷದೊಳಗೆ ಇಷ್ಟು ಜನ ಒಬ್ಬನ ಸಂಬಳದ ಪಟ್ಟಿಯಲ್ಲಿ ಇದ್ದರು.

ಹಾಗಾದರೆ ಅವನು ಕೆಟ್ಟವನಾ ಅನ್ನುವ ನಿಮ್ಮ ಪ್ರಶ್ನೆ. ಅವನು ಜನರನ್ನು ದುಡಿಸಿಕೊಂಡ, ಅದರಲ್ಲಿ ಅನುಮಾನವಿಲ್ಲ. ಮಾಲರ್ ಕೊನೆಯ ವರ್ಷಗಳಲ್ಲಿ ಹ್ಯಾಂಬರ್ಗ್‌ನಿಂದ ಓಡಿಹೋಗಲು ದಾರಿ ಹುಡುಕುತ್ತಿದ್ದ, ಇಬ್ಬರ ಸಂಬಂಧ ಪೂರ್ತಿ ಹಳಸಿತ್ತು. ಸಣ್ಣ ಹಾಡುಗಾರರ ಕಷ್ಟ ಅವನಿಗೆ ತಾಗುತ್ತಿರಲಿಲ್ಲ ಅನ್ನುವುದಕ್ಕೆ ಶುಮನ್-ಹೈಂಕ್‌ಳ ಮೊದಲ ವರ್ಷಗಳೇ ಸಾಕ್ಷಿ. ಇದು ನನಗೆ ಬೇಸರ ತರುವ ಸಂಗತಿ, ಯಾಕೆಂದರೆ ಊರೂರು ಸುತ್ತಿದ ಹಾಡುಗಾರನಿಗೆ ಅದು ಗೊತ್ತಿರಬೇಕಿತ್ತು. ಮೂರು ಥಿಯೇಟರ್ ಒಬ್ಬನ ಕೈಯಲ್ಲಿ ಸೇರಿದ್ದೂ ಊರಿಗೆ ಒಳ್ಳೆಯದಾಗಲಿಲ್ಲ. ಆದರೆ 'ಕಲೆ ಗೊತ್ತಿಲ್ಲದ ವ್ಯಾಪಾರಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಲೆಯ ಒಂದು ಭಾಗ ಅವನಿಗೆ ತುಂಬಾ ಚೆನ್ನಾಗಿ ಗೊತ್ತಿತ್ತು. ಉಳಿದ ಭಾಗ ಇದೆ ಅನ್ನುವುದನ್ನೇ ಅವನು ಒಪ್ಪಲಿಲ್ಲ. ಮಾಲರ್‌ನಂಥವನ ಎದುರು ಅದು ಸಣ್ಣ ತಪ್ಪಲ್ಲ.

1897ರಲ್ಲಿ ಎಲ್ಲ ಒಟ್ಟಿಗೆ ನಡೆಯಿತು. ಏಪ್ರಿಲ್‌ನಲ್ಲಿ ಮಾಲರ್ ಹ್ಯಾಂಬರ್ಗ್ ಬಿಟ್ಟು ವಿಯೆನ್ನಾಗೆ ಹೋದ. ಅದೇ ವರ್ಷ ಪೊಲ್ಲಿನಿ ಮದುವೆಯಾದ. ಹುಡುಗಿ ಬಿಯಾಂಕಾ ಬಿಯಾಂಕಿ, ಹೆಸರಾಂತ ಸೊಪ್ರಾನೊ, ಅಂದರೆ ಹೆಣ್ಣು ದನಿಗಳಲ್ಲಿ ಮೇಲಿನ ಸ್ಥಾಯಿಯ ಹಾಡುಗಾರ್ತಿ. 1883ರಲ್ಲಿ ಯೊಹಾನ್ ಸ್ಟ್ರಾಸ್ 'ವಸಂತದ ದನಿಗಳು' ಎಂಬ ವಾಲ್ಟ್ಸ್, ಅಂದರೆ ಕುಣಿತದ ಲಯದ ಹಾಡು, ಬರೆದದ್ದು ಅವಳ ದನಿಗಾಗಿ. ಅವಳ ನಿಜವಾದ ಹೆಸರು ಬೆರ್ಟಾ ಶ್ವಾರ್ಟ್ಸ್. ಜರ್ಮನ್ ಭಾಷೆಯಲ್ಲಿ ಶ್ವಾರ್ಟ್ಸ್ ಅಂದರೆ ಕಪ್ಪು. ಇಟಾಲಿಯನ್ ಭಾಷೆಯಲ್ಲಿ ಬಿಯಾಂಕಾ ಅಂದರೆ ಬಿಳುಪು. ಪೋಲ್ ಪೊಲ್ಲಿನಿ ಆದ ಹಾಗೆ ಅವಳೂ ಇಟಲಿಯ ಹೆಸರು ಇಟ್ಟುಕೊಂಡಿದ್ದಳು. ಇವರ ಪರಿಚಯ ಹೊಸದಾಗಿರಲಿಲ್ಲ. ಅವಳು ಇನ್ನೂ ಚಿಕ್ಕವಳಿದ್ದಾಗ, ಮುಂದೆ ತನ್ನ ತಂಡಕ್ಕೆ ಬರಲಿ ಅಂತ, ಪ್ಯಾರಿಸ್‌ನಲ್ಲಿ ಪೋಲೀನ್ ವಿಯಾರ್ಡೋ ಎಂಬ ಮಹಾ ಗುರುವಿನ ಹತ್ತಿರ ಕಲಿಯಲು ಹಣ ಕೊಟ್ಟವನು ಪೊಲ್ಲಿನಿ. ಅವಳು ವೇದಿಕೆ ಹತ್ತಿದ್ದು 1873ರಲ್ಲಿ. ಅಂದರೆ ಅವನು ಹ್ಯಾಂಬರ್ಗ್‌ಗೆ ಬರುವ ಮೊದಲಿನ ಮಾತು ಇದು. ಮದುವೆಯಾದ ವರ್ಷವೇ, ನವೆಂಬರ್ ಕೊನೆಯಲ್ಲಿ, ಅವನು ಹ್ಯಾಂಬರ್ಗ್‌ನಲ್ಲಿ ತೀರಿಕೊಂಡ. ಇನ್ನೂ 59 ತುಂಬಿರಲಿಲ್ಲ. ಬಿಯಾಂಕಿ ಆಮೇಲೆ ಮ್ಯೂನಿಕ್ ಮತ್ತು ಸಾಲ್ಜ್‌ಬರ್ಗ್‌ನಲ್ಲಿ ಸಂಗೀತ ಪಾಠ ಹೇಳಿದಳು, 1947ರವರೆಗೆ ಬದುಕಿದ್ದಳು.

ಡಾಮ್‌ಟೋರ್ ಬೀದಿಯ ಆ ಜಾಗದಲ್ಲಿ ಈಗಲೂ ಹ್ಯಾಂಬರ್ಗ್ ಒಪೆರಾ ಇದೆ. ಪೊಲ್ಲಿನಿಯ ಕಾಲದ ಪ್ರೇಕ್ಷಕರ ಸಭಾಂಗಣ 1943ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಈಗಿನದು 1955ರದು.

ಕೊನೆಗೆ, ಅವನ ಹಾಡು ಕೇಳಲು ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುವುದಿಲ್ಲ. ಅವನು ಹಾಡು ನಿಲ್ಲಿಸುವ ಹೊತ್ತಿಗೆ ಗ್ರಾಮಫೋನ್ ಹುಟ್ಟಿಯೇ ಇರಲಿಲ್ಲ. ಅವನು ಆರಿಸಿದ ದನಿಗಳು ಸಿಗುತ್ತವೆ. ಮಿಲ್ಡನ್‌ಬರ್ಗ್ 1904ರಲ್ಲಿ ವೇಬರ್‌ನ 'ಓಬೆರಾನ್' ಒಪೆರಾದ ಸಮುದ್ರದ ಹಾಡು ಹಾಡಿದ್ದಾಳೆ, ಅವಳ ದನಿ ಉಳಿದಿರುವುದು ಅಷ್ಟೇ. ಶುಮನ್-ಹೈಂಕ್‌ಳ ರೆಕಾರ್ಡ್‌ಗಳು ಬೇಕಾದಷ್ಟಿವೆ. ದೋನಿಜೆತ್ತಿಯ 'ಲುಕ್ರೆಜಿಯಾ ಬೋರ್ಜಿಯಾ'ದ ಪಾನಗೀತೆಯಿಂದ ಶುರು ಮಾಡಿ. ಗರಗರ ಸದ್ದಿನ ನಡುವೆ ಕೆಳಗಿನ ಸ್ವರದಿಂದ ಒಮ್ಮೆಲೇ ಮೇಲಕ್ಕೆ ಹಾರಿ ಅಲ್ಲಿ ನಿಂತು ಅವಳು ದನಿಯನ್ನು ನಡುಗಿಸುತ್ತಾಳೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.